ಗಂಜ್ ಎಂದು ಬರೆದ ನೆಲ

ನಾನು ಮೂವತ್ತೈದು ವರ್ಷ ಹೊಟ್ಟೆ ಹೊರೆದದ್ದು ಓದುವ ಕೆಲಸದಿಂದ. ಪುರಾಣ ಓದಿದೆ ಎಂದುಕೊಳ್ಳಬೇಡಿ. ತಾಲೂಕು ಕಚೇರಿಯಲ್ಲಿ ನಿಜಾಮರ ಕಾಲದ ಉರ್ದು ದಫ್ತರಗಳನ್ನು ಓದಿ ಕನ್ನಡಕ್ಕೆ ಇಳಿಸುವ ಗುಮಾಸ್ತ ನಾನು. ಈಚೆಗೆ ಅದೇ ಇಲಾಖೆಗೆ ಸೇರಿದ ನಾಲ್ಕು ಜನ ತರುಣರು ಮನೆಗೆ ಬಂದು, "ನಿಮ್ಮ ಕಾಲದಾಗ ಹ್ಯಾಂಗ ಮಾಡ್ತಿದ್ರಿ, ಒಂದೀಟು ಬರದು ಕೊಡ್ರಿ ಅಜ್ಜಾರ, ನಮಗ ಉಪಯೋಗ ಆಗ್ತದ" ಎಂದರು. ಯಾವ ವರ್ಷ ಯಾವ ಬಡ್ತಿ ಸಿಕ್ಕಿತೆಂಬುದು ನನ್ನ ಸರ್ವಿಸ್ ಪುಸ್ತಕದಲ್ಲಿದೆ. ಅದನ್ನು ಇಲಿಗಳು ಓದಿಕೊಳ್ಳಲಿ. ನಾನು ಬರೆಯುವುದು ಒಂದು ಶಬ್ದದ ಬಗ್ಗೆ. ಆ ಒಂದು ಶಬ್ದವನ್ನು ತಪ್ಪು ಓದಿ, ಒಂದು ಊರಿನ ಹಳೆಯ ಖಬರಸ್ತಾನವನ್ನು ಕಳೆದವನು ನಾನು.

ಊರಿನ ಹೆಸರು ಹೇಳುವುದಿಲ್ಲ. ಭಾಲ್ಕಿ ಮತ್ತು ಔರಾದದ ನಡುವೆ ಮಣ್ಣಿನ ಕೋಟೆಯ ತುಂಡೊಂದು ಉಳಿದ ಕಸಬೆ ಎಂದಿಟ್ಟುಕೊಳ್ಳಿ. ಹೆಸರು ಹೇಳಿದರೆ ಕಲ್ಲು ಬೇರೆಯವರ ಮೇಲೂ ಬೀಳುತ್ತದೆ. ಬೀಳಬೇಕಾದದ್ದು ನನ್ನೊಬ್ಬನ ಮೇಲೆ.

ನಮ್ಮದು ಠಾಣಾ ಕುಶನೂರ. ಕುರಿ ಕಾಯುವ ಮನೆತನ, ಜೊತೆಗೆ ಒಂದಿಷ್ಟು ಒಣಬೇಸಾಯ. ಅಪ್ಪನಿಗೆ ಒಂದೇ ಹಠ: ಮಗ ಕಚೇರಿಯ ಕಾಗದ ಓದಬೇಕು. ಊರಿನ ಲೆಕ್ಕ ಬರೆಯುವ ಪಟವಾರಿ ಏನು ಓದಿ ಹೇಳಿದರೂ ಹೂಂ ಎಂದು ಹೆಬ್ಬೆಟ್ಟು ಒತ್ತಿ ಅವನಿಗೆ ಸಾಕಾಗಿತ್ತು. ಆಗ ಹೈದರಾಬಾದ್ ಸಂಸ್ಥಾನ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಸಾಲೆಯಲ್ಲಿ ಉರ್ದು. ಕಸಬೆಯಲ್ಲಿದ್ದ ಸೋದರಮಾವನ ಮನೆಯಲ್ಲಿಟ್ಟು ನನ್ನನ್ನು ಅಲ್ಲಿನ ಸಾಲೆಗೆ ಹಾಕಿದರು.

ನನಗೆ ಅಕ್ಷರ ಕಲಿಸಿದವರು ಗಫೂರ್ ಮಾಸ್ತರರು. ತೆಳ್ಳಗೆ, ಎತ್ತರಕ್ಕೆ ಇದ್ದರು. ಅಂಗಿಯ ತೋಳಿಗೆ ಯಾವಾಗಲೂ ಮಸಿಯ ಕಲೆ. ಉರ್ದು ಕಲಿಸುವಾಗಲೂ ಬೈಗುಳ ಮಾತ್ರ ನಮ್ಮ ಕನ್ನಡದಲ್ಲೇ. ಒಂದು ದಿನ ನನ್ನ ಪಾಟಿಯ ಮೇಲೆ ಚುಕ್ಕಿ ತಪ್ಪಿ ಬಿದ್ದಿತ್ತು.

"ಏ ಬೀರ್ಯಾ, ಇಲ್ಲಿ ನೋಡು. ಚುಕ್ಕಿ ಮ್ಯಾಲ ಇಟ್ರ ಖುದಾ. ಕೆಳಗ ಇಟ್ರ ಜುದಾ, ಅಂದ್ರ ಅಗಲಿ ಹೋದಾಂವ. ಒಂದ್ ಚುಕ್ಕಿ ಕೆಳಗ ಇಳಿಸಿ ದೇವರನ್ನೇ ಮನಿ ಬಿಡ್ಸಿ ಕಳಿಸ್ದಿ ನೋಡಪ್ಪ ನೀ!"

ಇಡೀ ಜಮಾತು, ಅಂದರೆ ನಮ್ಮ ತರಗತಿ, ನಕ್ಕಿತು. ಕಿವಿ ಹಿಂಡಿಸಿಕೊಂಡ ಸಿಟ್ಟಿಗೆ ನಾನು ಅತ್ತೆ. ಸಾಲೆಯ ಹಿಂದೆಯೇ ಅವರ ಮನೆ. ತಾಯಿಯಿಲ್ಲದ ಅವರ ಮಗಳು ಮುಮ್ತಾಜ್ ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ಅತ್ತ ಹುಡುಗರನ್ನು ಕರೆದು ಮಜ್ಜಿಗೆ ಕೊಡುವುದು ಅವಳ ಕೆಲಸ. ನಾವೆಲ್ಲ ಅವಳನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆವು. ಮಜ್ಜಿಗೆಯ ಆಸೆಗೆ ಸುಮ್ಮಸುಮ್ಮನೆ ಅತ್ತದ್ದೂ ಉಂಟು.

ನಿಜಾಮರ ಪರ ನಿಂತ ರಜಾಕಾರರ ಹಾವಳಿ ನಮ್ಮ ಕಡೆ ಹೆಚ್ಚಾದಾಗ ಅಪ್ಪ ಬಂದು ನನ್ನನ್ನು ಸಾಲೆ ಬಿಡಿಸಿದ. ಕುರಿಗಳ ಜೊತೆ ಮಾಂಜ್ರಾ ದಂಡೆಯ ಗುಡ್ಡಗಳ ಕಡೆ ಹೋಗಬೇಕಿತ್ತು. ಮಾಸ್ತರರು ಬಾಗಿಲಲ್ಲಿ ನಿಂತು ನನ್ನ ಪುಸ್ತಕ ಇಸಿದುಕೊಂಡು, ನಿಂತ ಪಾಠದ ಹಾಳೆಯ ಮೂಲೆ ಮಡಚಿ ವಾಪಸು ಕೊಟ್ಟರು.

"ಹೋಗು. ಗದ್ದಲ ಮುಗಿದ ಮ್ಯಾಲ ಬಾ. ಇನ್ನ ಏಳು ಪಾಠ ಉಳ್ದಾವ, ಮರೀಬ್ಯಾಡ" ಎಂದರು.

ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು. ಸೈನ್ಯ ಬಂತು, ನಿಜಾಮರ ರಾಜ್ಯ ಮುಗಿಯಿತು. ನಮ್ಮ ಹಟ್ಟಿಯಲ್ಲಿ ಸಕ್ಕರೆ ಹಂಚಿದರು. ನಾನೂ ಎರಡೂ ಕೈ ಒಡ್ಡಿ ತಿಂದೆ. ಸಕ್ಕರೆಯ ಹಿಂದೆಯೇ ಕೊಲೆಗಳ ಸುದ್ದಿಯೂ ಬಂತು. ರಜಾಕಾರರು ಮಾಡಿದ ಪಾಪವನ್ನು ಏನೂ ಮಾಡದವರ ತಲೆಗೆ ಕಟ್ಟಿದ ದಿನಗಳು ಅವು. "ಹಾಜರಿ ಪುಸ್ತಕ ಒಳಗ ಇಟ್ಟು, ಸಾಲಿ ಕೀಲಿ ಹಾಕಿ ಬರ್ತೇನಿ" ಎಂದು ಮನೆಯಿಂದ ಹೊರಟ ಗಫೂರ್ ಮಾಸ್ತರರು ಮರಳಲಿಲ್ಲ. ಎರಡನೆಯ ದಿನ ಸಿಕ್ಕರು. ಆ ದಿನಗಳಲ್ಲಿ ಸತ್ತ ಮತ್ತಷ್ಟು ಜನರ ಜೊತೆ ಅವರನ್ನೂ ಕೋಟೆಯಾಚೆಯ ಹಳೆಯ ಖಬರಸ್ತಾನದಲ್ಲಿ, ಒಂದೇ ಉದ್ದನೆಯ ಗುಂಡಿಯಲ್ಲಿ ಮಣ್ಣು ಮಾಡಿದರು. ಹೊರಲು ನಾಲ್ಕು ಹೆಗಲು ಸಿಗುವುದೇ ಕಷ್ಟವಾಗಿತ್ತಂತೆ.

ಮಾಸ್ತರರ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ತಿಂಗಳಾಗಿತ್ತು. ಮುಮ್ತಾಜ್ ಆಪಾಳನ್ನು ಅವಳ ಚಿಕ್ಕಪ್ಪ ಬೀದರಿಗೆ ಕರೆದೊಯ್ದಿದ್ದರು. ಕಸಬೆಗೆ ಮರಳಿ ಹೋಗಿ ಓದು ಮುಗಿಸಿದೆ, ಆದರೆ ಖಬರಸ್ತಾನದ ದಾರಿ ಹಿಡಿಯಲಿಲ್ಲ. ಸಕ್ಕರೆ ತಿಂದ ಬಾಯಿ ಹೊತ್ತು ಅಲ್ಲಿಗೆ ಹ್ಯಾಗೆ ಹೋಗುವುದು? ಆ ನಾಚಿಕೆಯಿಂದ ಸುತ್ತು ಹಾಕಿ ಹಳ್ಳದ ದಾರಿಯಲ್ಲಿ ಓಡಾಡುತ್ತಿದ್ದೆ. ಒಮ್ಮೆಯಾದರೂ ಆ ದಾರಿ ತುಳಿದಿದ್ದರೆ ಈ ಬರಹದ ಅಗತ್ಯ ಬೀಳುತ್ತಿರಲಿಲ್ಲ.

ಹೈದರಾಬಾದ್ ರಾಜ್ಯ ಒಡೆದು ನಮ್ಮ ಭಾಗ ಮೈಸೂರಿಗೆ ಸೇರುವ ಹೊತ್ತು ಬಂತು. ಉರ್ದು ಕಾಗದಗಳೆಲ್ಲ ಕನ್ನಡವಾಗಬೇಕು ಎಂದು ಹುಕುಂ ಆಯಿತು. ಓದಬಲ್ಲ ಹಿರಿಯರು ಅಷ್ಟರಲ್ಲಿ ಹೈದರಾಬಾದಿಗೋ, ಅದರಾಚೆಗೋ ಹೋಗಿಬಿಟ್ಟಿದ್ದರು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ, ಏಳು ಪಾಠ ಕಡಿಮೆ ಓದಿದ ನಾನು ಕಚೇರಿಗೆ ಉರ್ದು ಪಂಡಿತನಾದೆ.

ಕೆಲಸ ಹೇಗಿತ್ತು ಕೇಳಿ. ಸೇತ್ವಾರ್ ಎಂದರೆ ಊರಿನ ಪ್ರತಿ ತುಂಡು ನೆಲದ ಜಾತಕ. ನೆಲದ ನಂಬರು, ಅಳತೆ, ಯಾರದು, ಎಂಥದು, ಎಲ್ಲ ಅದರಲ್ಲಿ. ಕೊನೆಯ ಅಂಕಣಕ್ಕೆ ಕೈಫಿಯತ್ ಎನ್ನುತ್ತಿದ್ದರು. ನೀವು ಈಗ ಷರಾ ಎನ್ನುವುದು ಅದನ್ನೇ. ಬರೆದವರು ಅವಸರದ ಮಂದಿ. ಗೆರೆಗೆ ಗೆರೆ ಕೂಡಿಸಿ, ಚುಕ್ಕಿಗಳನ್ನು ದೇವರಿಗೇ ಬಿಟ್ಟು, ಲೇಖಣಿ ಎತ್ತದೆ ಬರೆದಿರುತ್ತಿದ್ದರು. ಸುತ್ತಲಿನ ನಾಲ್ಕು ಶಬ್ದ ಹಿಡಿದು ನಡುವಿನ ಒಂದು ಶಬ್ದವನ್ನು ಊಹಿಸಬೇಕು. ನಮ್ಮ ಮುಖ್ಯ ಗುಮಾಸ್ತರಾದ ಪೇಶ್ಕಾರರು ಒಂದು ಕಟ್ಟುನಿಟ್ಟು ಮಾಡಿದ್ದರು. ಸಂಶಯ ಬಂದ ಶಬ್ದದ ಕೆಳಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆಯಬೇಕು. ವಾರಕ್ಕೊಮ್ಮೆ ಫಾರ್ಸಿ ಬಲ್ಲ ಮುದಿ ಮುನ್ಷಿಯೊಬ್ಬರು ಬಂದು ಪಡಸಾಲೆಯಲ್ಲಿ ಕೂತು ಆ ಗೆರೆಗಳನ್ನು ಮಾತ್ರ ನೋಡಿ ಅರ್ಥ ಹೇಳಿ ಹೋಗುತ್ತಿದ್ದರು.

ನನ್ನ ಪಕ್ಕದ ಮೇಜಿನ ಬಾಬುರಾವ್ ಒಳ್ಳೆಯವನು, ಆದರೆ ಕೆಂಪು ಪೆನ್ಸಿಲ್ ಹಿಡಿಯುವುದೆಂದರೆ ಅವನಿಗೆ ಅವಮಾನ. ಔರಾದ ಕಡೆಯ ಒಂದು ಹಳ್ಳಿಯ ಕಾಗದದಲ್ಲಿ "ತಕಿಯಾ, ಎರಡು ಗುಂಟೆ" ಎಂದಿತ್ತು. ತಕಿಯಾ ಎಂದರೆ ಫಕೀರರು ಇರುವ ಜಾಗ. ದಿಂಬಿಗೂ ಅದೇ ಶಬ್ದ. ಬಾಬುರಾವ್ ನೀಟಾಗಿ "ತಲೆದಿಂಬು, ಎರಡು ಗುಂಟೆ" ಎಂದು ಬರೆದಿಟ್ಟ.

ಪೇಶ್ಕಾರರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಓದಿದರು. "ಎರಡು ಗುಂಟಿ ದಿಂಬಂದ್ರ, ಮಲಗಾವನ ತಲಿ ಎಷ್ಟಿರಬೇಕಪ್ಪಾ ಬಾಬುರಾವ್?"

ಕಚೇರಿಯೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಬಾಬುರಾವ್ ಬದುಕಿರುವವರೆಗೆ ದಿಂಬಿನ ಬಾಬುರಾವನೇ ಆಗಿ ಉಳಿದ. ಅವನ ತಪ್ಪು ಒಂದೇ ದಿನದಲ್ಲಿ ಸಿಕ್ಕಿಬಿದ್ದು ಸರಿಯಾಯಿತು. ನಗೆ ಬರಿಸುವ ತಪ್ಪಿನ ಪುಣ್ಯ ಅದು.

ಮುಂದಿನ ತಿಂಗಳು ಕಸಬೆಯ ಸೇತ್ವಾರ್ ನನ್ನ ಪಾಲಿಗೆ ಬಂತು. ಯಾವ ನೆಲದ್ದೆಂದು ನನಗೆ ಗೊತ್ತಿರದ ಒಂದು ನಂಬರಿನ ಮುಂದೆ "ಸರ್ಕಾರಿ, ಸಾಗುವಳಿ ಇಲ್ಲ" ಎಂದಿತ್ತು. ಕೈಫಿಯತ್ ಅಂಕಣದಲ್ಲಿ ಎರಡು ಶಬ್ದ. ಮೊದಲನೆಯದು ಅಚ್ಚಿನಂತೆ ಸ್ಪಷ್ಟ: ಗಂಜ್. ಎರಡನೆಯದು ಮಸಿ ಹಾರಿ, ಬಾಲ ಮಾತ್ರ ಉಳಿದ ಗೀಟು. ಗಂಜ್ ಯಾರಿಗೆ ಗೊತ್ತಿಲ್ಲ? ತೊಗರಿ, ಜೋಳ ಮಾರುವ ಪೇಟೆಗೆ ನಮ್ಮ ಕಡೆ ಹಸುಗೂಸೂ ಗಂಜ್ ಎನ್ನುತ್ತದೆ. ಹಿಂದಿನವರು ಪೇಟೆಗೆಂದು ಬಿಟ್ಟ ಜಾಗ, ಪಕ್ಕದ್ದು ಯಾರದೋ ಹೆಸರಿರಬೇಕು ಎಂದುಕೊಂಡೆ. "ಗಂಜ್ ಜಾಗ" ಎಂದು ಬರೆದು, ತರ್ಜುಮೆ ಮಾಡಿದವನು ಎಂಬಲ್ಲಿ "ಬೀ" ಎಂದು ಚಿಕ್ಕ ಸಹಿ ಹಾಕಿದೆ. ಪೇಶ್ಕಾರರು ಅದರ ಮೇಲೆ ದೊಡ್ಡ ಸಹಿ ಹಾಕಿದರು. ಕೆಂಪು ಪೆನ್ಸಿಲ್ ಕಿವಿಯ ಸಂದಿಯಲ್ಲೇ ಇತ್ತು.

ತರುಣರೇ, ಈ ಒಂದು ಮಾತು ನೆನಪಿಡಿ. ಸಂಶಯ ಬಂದ ಶಬ್ದ ನಮ್ಮನ್ನು ಕೆಡಿಸುವುದಿಲ್ಲ, ಅದನ್ನು ನಾಲ್ಕು ಜನರನ್ನು ಕೇಳುತ್ತೇವೆ. ಸಂಶಯವೇ ಬರದ ಶಬ್ದ ಕೆಡಿಸುತ್ತದೆ.

ಹತ್ತು ವರ್ಷ ಆ ಶಬ್ದ ಕಪಾಟಿನಲ್ಲಿ ತೆಪ್ಪಗೆ ಕೂತಿತ್ತು. ಅತ್ತ ಖಬರಸ್ತಾನ ಹಾಳಾಗುತ್ತ ಹೋಯಿತು. ನೋಡಿಕೊಳ್ಳುತ್ತಿದ್ದ ಫಕೀರ ಸತ್ತ, ಅವನ ಗುಡಿಸಲು ಬಿತ್ತು. ಗೋರಿಗೆ ಹೂ ಹಾಕುವವರಲ್ಲಿ ಅರ್ಧ ಜನ ಊರು ಬಿಟ್ಟಿದ್ದರು. ಉಳಿದವರು ಬಾಯಿ ತೆರೆಯಲು ಅಂಜುವವರು. ಹೊಸದಾಗಿ ಸತ್ತವರನ್ನು ಹಳ್ಳದಾಚೆಯ ಬೇರೊಂದು ನೆಲಕ್ಕೆ ಒಯ್ಯತೊಡಗಿದ್ದರು. ಜಾಲಿ ಬೆಳೆಯಿತು. ಊರು ಕಸ ಸುರಿಯಿತು. ಕಲ್ಲುಗಳನ್ನು ಕೆಲವರು ಬಟ್ಟೆ ಒಗೆಯಲು ಎತ್ತಿಕೊಂಡು ಹೋದರು. ಇದನ್ನೆಲ್ಲ ನಾನು ಕಣ್ಣಿಂದ ಕಂಡಿರಲಿಲ್ಲ, ಕೇಳಿದ್ದೆ.

ಊರಿಗೆ ಹೊಸ ಪೇಟೆ ಬೇಕು ಎಂದಾಯಿತು. ಜಾಗ ಹುಡುಕಿದರು. ದಫ್ತರದಲ್ಲಿ "ಗಂಜ್ ಜಾಗ" ಸಿಕ್ಕಿತು. ಸರ್ಕಾರದ್ದೇ, ಪೇಟೆಗೆಂದೇ ಇಟ್ಟದ್ದು. ಹುಡುಕುವ ಬಳ್ಳಿ ಕಾಲಿಗೇ ತೊಡರಿತೆಂದು ಎಲ್ಲರೂ ಖುಷಿಪಟ್ಟರು. ಸ್ಥಳ ನೋಡಲು ಹೋದ ಅಧಿಕಾರಿಯೊಬ್ಬರು ಜೀಪಿನಿಂದ ಇಳಿಯದೆ "ಜಾಲಿ ಗಿಡಗಳು, ಕೆಲವು ಹಳೆಯ ಕಲ್ಲುಗಳು" ಎಂದು ಬರೆದುಕೊಂಡು ಬಂದರು.

ಒಂದು ಬೆಳಗ್ಗೆ ಬೂದು ಬಣ್ಣದ ಬುರ್ಖಾ ತೊಟ್ಟ ಹೆಂಗಸೊಬ್ಬಳು ನನ್ನ ಮೇಜಿನ ಮುಂದೆ ಬಂದು ನಿಂತು, ಮುಖದ ಪರದೆ ಸರಿಸಿದಳು.

"ಬೀರಪ್ಪ ಹೌದಲ್ಲ? ಮಜ್ಜಿಗಿ ಬೀರಪ್ಪ?"

ಮುಮ್ತಾಜ್ ಆಪಾ. ಬೀದರಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿಕೊಂಡಿದ್ದಳು. ಗಂಡ ತೀರಿಹೋಗಿದ್ದ. ಬೆಳಗಿನ ಬಸ್ಸಿಗೆ ಬಂದಿದ್ದಳು. ಕೈಯಲ್ಲಿ ಉರ್ದುವಿನಲ್ಲಿ ಬರೆದ ಅರ್ಜಿ.

"ಖಬರಸ್ತಾನದಾಗ ಬಜಾರ ಕಟ್ಲತ್ತಾರಂತ. ನಮ್ಮ ಅಬ್ಬಾ ಅಲ್ಲೇ ಮಲಗ್ಯಾರ. ಯಾರನ್ನ ಕೇಳಿದ್ರೂ ಕಾಗದದಾಗ ಹಂಗೇ ಅದ ಅಂತಾರ. ನೀ ಉರ್ದು ಬಲ್ಲಾಂವ. ಮೂಲ ಕಾಗದ ತೆಗಿ, ಏನದ ನೋಡಿ ಹೇಳಪ್ಪ."

ಸೇತ್ವಾರ್ ತೆಗೆದೆ. ಕಿಟಕಿಯ ಬೆಳಕಿಗೆ ಹಿಡಿದೆ. ಹತ್ತು ವರ್ಷದ ಕೆಳಗೆ ಗೀಟಿನಂತೆ ಕಂಡದ್ದು ಬಿಸಿಲಿನಲ್ಲಿ ಮೆಲ್ಲಗೆ ಅಕ್ಷರವಾಯಿತು. "ಗಂಜ್... ಶಹೀದಾಂ" ಎಂದು ಕೂಡಿಸಿ ಓದಿದೆ. ಆಗಲೂ ಅರ್ಥವಾಗಲಿಲ್ಲ.

"ಗಂಜ್-ಎ-ಶಹೀದಾಂ" ಎಂದು ಆಪಾ ತಿದ್ದಿದಳು. "ಇದು ಬಜಾರದ ಗಂಜ್ ಅಲ್ಲೋ. ಫಾರ್ಸಿ ಗಂಜ್ ಅಂದ್ರ ರಾಶಿ, ಖಜಾನಿ. ಶಹೀದಾಂ ಅಂದ್ರ ಪ್ರಾಣ ಕೊಟ್ಟಾವ್ರು. ಹಿಂದ ಯಾವ್ದೋ ಲಡಾಯಿದಾಗ ಸತ್ತವರನ್ನ ಅಲ್ಲಿ ಒಂದೇ ಕಡಿ ಇಟ್ಟು ಮಣ್ಣು ಕೊಟ್ಟಾರ. ಅದಕ್ಕ ಆ ಹೆಸರು. ಆಮ್ಯಾಲ ನಮ್ಮ ಅಬ್ಬಾನ್ನೂ ಹಂಗೇ ಇಟ್ರು." ಆಮೇಲೆ ಕೇಳಿದಳು: "ಇದನ್ನ ಕನ್ನಡದಾಗ ಬಜಾರ ಅಂತ ಯಾರು ಬರದಾರ?"

ಕನ್ನಡದ ಪುಟ ಅವಳ ಮುಂದೆಯೇ ತೆರೆದಿತ್ತು. ಅವಳಿಗೆ ಕನ್ನಡ ಮಾತು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಹೋಗಿ ಆ "ಬೀ" ಅಕ್ಷರದ ಮೇಲೆ ಕೂತಿತು.

"ಯಾರೋ ಬರದಾರ ಆಪಾ. ಹಳೇ ಮಂದಿ. ಈಗ ಯಾರೂ ಇಲ್ಲ" ಎಂದೆ.

ಓದಿನ ತಪ್ಪಿಗಿಂತ ಈ ತಪ್ಪು ದೊಡ್ಡದು. ಆ ಕ್ಷಣದ ನನ್ನ ದನಿ ಇವತ್ತಿಗೂ ಕಿವಿಯಲ್ಲಿದೆ. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅಂದೇ ಸಂಜೆ ಮೇಲಿನವರಿಗೆ ಟಿಪ್ಪಣಿ ಬರೆಯಲು ಕೂತೆ. ನಮ್ಮ ಆಗಿನ ತಹಸೀಲ್ದಾರ ಸಾಹೇಬರು ಮೈಸೂರು ಕಡೆಯವರು, ಸಭ್ಯರು. "ಉರ್ದು ನನಗೆ ತಿಳಿಯದು ಬೀರಪ್ಪನವರೇ, ನೀವು ಏನು ಬರೆದು ಕೊಡುತ್ತೀರೋ ಅದರ ಮೇಲೆ ನಾನು ನಿಲ್ಲುತ್ತೇನೆ" ಎಂದಿದ್ದರು. ನಾನು ಬರೆಯಬೇಕಾದದ್ದು ಒಂದೇ ಸಾಲು: "ತರ್ಜುಮೆ ತಪ್ಪಾಗಿದೆ, ತಪ್ಪು ನನ್ನದು." ಹಾಗೆ ಬರೆದರೆ ವಿಚಾರಣೆ ಬರುತ್ತದೆ, ನಾನು ಮಾಡಿದ ಸಾವಿರಾರು ಪುಟಗಳನ್ನು ಮತ್ತೆ ನೋಡುತ್ತಾರೆ, ದಿಂಬಿನ ಬಾಬುರಾವನಿಗೆ ಹೆಣದ ಬೀರಪ್ಪ ಜೋಡಿಯಾಗುತ್ತಾನೆ. ಲೇಖಣಿ ಹಿಡಿದು ಬಹಳ ಹೊತ್ತು ಕೂತೆ. ಕೊನೆಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆದೆ: "ಮೂಲದ ಶಬ್ದದ ಅರ್ಥ ಸಂದಿಗ್ಧವಾಗಿದೆ."

ಸಾಹೇಬರು ಅದನ್ನೇ ಜಿಲ್ಲೆಗೆ ಕಳಿಸಿದರು, ಮರುಟಪಾಲಿಗೆ ಉತ್ತರ ಬಂತು. ಅರ್ಥ ಸಂದಿಗ್ಧವಿದ್ದಲ್ಲಿ ಈಗಿರುವ ನಮೂದೇ ಮುಂದುವರಿಯುವುದು. ಆ ನೆಲದ ಪೂರ್ವದ ಗೋಡೆಯ ಕಡೆಯ ಸಣ್ಣ ಮೂಲೆಯನ್ನು ಮಾತ್ರ ದಯೆಯಿಂದ ಬಿಡುವುದು. ಸಾಹೇಬರು ನನ್ನ ಮಾತಿನ ಮೇಲೆ ನಿಂತರು. ನನ್ನ ಮಾತಿಗೇ ಕಾಲಿರಲಿಲ್ಲ.

ಅಗೆಯುವ ದಿನ ನಾನು ಮೊದಲ ಸಲ ಆ ನೆಲಕ್ಕೆ ಹೋದೆ. ಜಾಲಿ ಕಡಿದ ಮೇಲೆ ನೋಡಿದರೆ ಎಲ್ಲೆಲ್ಲೂ ಗೋರಿಗಳು. ಗಂಡಸರ ಗೋರಿಯ ಕಲ್ಲಿನ ಮೇಲೆ ಉದ್ದನೆಯ ಉಬ್ಬು ಇರುತ್ತದೆ. ಅದು ಕಲಂದಾನ, ಲೇಖಣಿ ಇಡುವ ಪೆಟ್ಟಿಗೆಯ ಆಕಾರ. ಹೆಂಗಸರ ಕಲ್ಲು ಪಾಟಿಯಂತೆ ಸಪಾಟು. ಹಿಂದಿನವರ ರೂಢಿ. ಆಪಾ ತನ್ನ ಹೊಲಿಗೆಯ ದುಡಿಮೆಯಲ್ಲಿ ಆ ಉದ್ದನೆಯ ಗುಂಡಿಯ ತಲೆದೆಸೆಗೆ, ಅಂಚಿನಲ್ಲಿ ತಂದೆಯ ಹೆಸರು ಕೆತ್ತಿಸಿದ ಕಲಂದಾನದ ಒಂದು ಸಣ್ಣ ಕಲ್ಲು ನೆಡಿಸಿದ್ದಳಂತೆ. ಆ ಕಲ್ಲು ನೆಟ್ಟ ಜಾಗದಲ್ಲಿ ಇರಲಿಲ್ಲ. ಕೂಲಿಯವರು ಎಲುಬುಗಳನ್ನು ಬುಟ್ಟಿಯಲ್ಲಿ ತುಂಬಿ ಮೂಲೆಗೆ ಒಯ್ಯುತ್ತಿದ್ದರು. ಯಾವುದು ಯಾರದೆಂದು ಹೇಳುವವರು ಯಾರು? ಆಪಾ ಪ್ರತಿ ಬುಟ್ಟಿಯ ಮುಂದೆ ಎದ್ದು ನಿಂತು ತುಟಿಯಲ್ಲೇ ಏನೋ ಓದುತ್ತಿದ್ದಳು. ಯಾವ ಬುಟ್ಟಿಯನ್ನೂ ಬಿಡಲಿಲ್ಲ. ನಾನು ದೂರದಲ್ಲಿ ಮರಕ್ಕೊರಗಿ ಅತ್ತೆ. ಈ ಸಲ ಕರೆದು ಮಜ್ಜಿಗೆ ಕೊಡುವವರಿರಲಿಲ್ಲ.

ಆ ಕಲ್ಲು ಸಿಕ್ಕಿದ್ದು ಎರಡು ವರ್ಷದ ಮೇಲೆ, ಪೇಟೆ ಶುರುವಾದಾಗ. ಕಾಳಿನ ಅಂಗಡಿಯೊಂದಕ್ಕೆ ಮೆಟ್ಟಿಲಾಗಿತ್ತು, ಅಂಚಿನ ಉರ್ದು ಹೆಸರಿನಿಂದ ಗುರುತು ಹಿಡಿದೆ. ಉಬ್ಬು ಮೇಲೆ ಮಾಡಿ ಹಾಕಿದ್ದರು, ಹಮಾಲರ ಕಾಲು ಜಾರಬಾರದೆಂದು. ನಾನು ಅಂಗಡಿಯವರಿಗೆ ವಿಷಯ ಹೇಳಿದೆ. ವಯಸ್ಸಾದವರು, ಅವರ ಮುಖ ಕಪ್ಪಿಟ್ಟಿತು.

"ಕಲ್ಲಂತ ಹಾಕೀವ್ರಿ. ಶಿವನಾಣಿ ಗೊತ್ತಿರ್ಲಿಲ್ಲ. ಗಂಜಿನ ಜಾಗದಾಗ ಗೋರಿ ಹ್ಯಾಂಗ ಬರ್ತದರಿ?" ಎಂದು, ತಾವೇ ಹಾರೆ ತಂದು ಕಿತ್ತು ಕೊಟ್ಟರು.

ಅವರ ಪ್ರಶ್ನೆಗೆ ಉತ್ತರ ಇದ್ದದ್ದು ನನ್ನೊಬ್ಬನ ಹತ್ತಿರ. ಕಲ್ಲನ್ನು ಪೂರ್ವದ ಮೂಲೆಯಲ್ಲಿ ನಿಲ್ಲಿಸಿದೆವು. ಅದರ ಕೆಳಗೆ ಮಾಸ್ತರರಿಲ್ಲ. ಮಾಸ್ತರರ ಮೇಲೆ ಯಾರದೋ ತೊಗರಿಯ ಚೀಲಗಳಿವೆ.

ನಿವೃತ್ತನಾದ ವಾರವೇ ಬೀದರಿಗೆ ಹೋದೆ. ಹಳೆಯ ಊರಿನ ಓಣಿಯಲ್ಲಿ ಒಂದೇ ಕೋಣೆಯ ಮನೆ. ಆಪಾಳ ಕಣ್ಣುಗಳು ಮಂಜಾಗಿದ್ದವು, ಸೂಜಿ ಪೋಣಿಸಲು ಆಗುತ್ತಿರಲಿಲ್ಲ. ಕೂತೊಡನೆ ಹೇಳಿಬಿಟ್ಟೆ. ಇನ್ನೊಂದು ಗಳಿಗೆ ತಡೆದಿದ್ದರೆ ಮತ್ತೆ ನುಂಗಿಬಿಡುತ್ತಿದ್ದೆ.

"ಆಪಾ, ಗಂಜ್ ಅಂತ ಬರದಾಂವ ನಾನೇ. ಅವತ್ತು ಯಾರೋ ಅಂದಿದ್ದು ಸುಳ್ಳು."

ಅವಳು ಮಡಿಲಲ್ಲಿದ್ದ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಆಮೇಲೆ ಕೇಳಿದಳು:

"ನಿನ್ನ ಪುಸ್ತಕದಾಗ ಎಷ್ಟು ಪಾಠ ಉಳಿದಿದ್ವು?"

"ಏಳು."

"ಅದರಾಗ ಒಂದು ಲಡಾಯಿ ಪಾಠ ಇತ್ತು. ಈ ಗಂಜ್ ಅನ್ನೂ ಲಫ್ಜ್ ಅದರಾಗೇ ಬರ್ತದ. ಪ್ರತಿ ವರ್ಷ ಅಬ್ಬಾ ಅದನ್ನ ಕಲಿಸೂ ಮುಂದ, 'ಗಂಜ್ ಅಂದ್ರ ಬಜಾರ ಅನಬ್ಯಾಡ್ರೋ ಮಕ್ಕಳ' ಅಂತ ಮೊದಲೇ ಹೇಳ್ತಿದ್ರು. ಸಾಲಿ ಹಿಂದ ಅಡಗಿ ಮಾಡ್ಕೋತ ನಾ ಎಷ್ಟು ಸಲ ಕೇಳೀನಿ. ನಿಮ್ಮ ಜಮಾತಿಗೆ ಹೇಳೂದ್ರಾಗ ಅವರೇ ಹೋದ್ರು."

ನನಗೆ ದುಃಖ ಉಕ್ಕಿ ಬಂತು. ಅವಳು ನನ್ನನ್ನು ಅಳಲು ಬಿಟ್ಟಳು. ಮುಗಿದ ಮೇಲೆ ದನಿ ಗಟ್ಟಿ ಮಾಡಿ ಅಂದಳು:

"ಓದಿದ್ದು ತಪ್ಪಿದ್ದಕ್ಕ ನಾ ನಿನಗ ಏನೂ ಅನ್ನಂಗಿಲ್ಲ. ಕಲಿಸಾವರನ್ನ ಕೊಂದ ಮಂದಿ ಅದಕ್ಕ ಜವಾಬು ಕೊಡ್ತಾರ. ಆದ್ರ ನನ್ನ ಮುಂದ ಅಕ್ಷರದ ಮ್ಯಾಲ ಕೈ ಮುಚ್ಚಿದ್ದಿ ನೋಡು, ಅದು ಅಬ್ಬಾ ಕಲಿಸಿದ್ದಲ್ಲ. ಅದು ನಿಂದೇ. ಅದಕ್ಕ ಮಾಫಿ ಕೊಡೂದು ನನ್ನ ಕೈಯಾಗ ಇಲ್ಲ. ನಿಮ್ಮ ಮಂದಿ ಓದೂ ಅಕ್ಷರದಾಗ ಬರಿ. ಹೆಸರು ಹಾಕಿ ಬರಿ."

ನಾನು ಹೂಂ ಎಂದೆ. ಬರೆಯಲು ಇಷ್ಟು ವರ್ಷ ಬೇಕಾದವು. ಆಪಾ ಈಗ ಇಲ್ಲ. ಕಂಪ್ಯೂಟರಿನಲ್ಲಿ ನೀವು ತೆಗೆಯುವ ಪಹಣಿಯ ಷರಾದಲ್ಲಿ ಆ ನೆಲ ಇವತ್ತಿಗೂ ಗಂಜ್ ಜಾಗವೇ. ಹಾಳೆ ಬದಲಾಯಿತು, ಯಂತ್ರ ಬಂತು, ನನ್ನ ತಪ್ಪು ಮಾತ್ರ ಒಂದಕ್ಷರವೂ ಸವೆಯದೆ ಪುಟದಿಂದ ಪುಟಕ್ಕೆ ಹೋಗುತ್ತಿದೆ. ಅಲ್ಲಿ ಬರೆಯುವ ಅಧಿಕಾರ ನನಗೀಗ ಇಲ್ಲ. ಅದಕ್ಕೆ ಇಲ್ಲಿ ಬರೆಯುತ್ತೇನೆ.

ಕೋಟೆ ಬಾಗಿಲಿನಾಚೆ, ಹಳ್ಳದ ಈಚೆ. ಸರ್ಕಾರಿ, ಸಾಗುವಳಿ ಇಲ್ಲ. ಮೂಲದಲ್ಲಿ ಇರುವುದು: ಗಂಜ್-ಎ-ಶಹೀದಾಂ. ಕನ್ನಡದಲ್ಲಿ: ಸತ್ತವರನ್ನು ಒಂದೇ ಕಡೆ ಮಣ್ಣು ಮಾಡಿದ ನೆಲ. ನಮ್ಮ ಮಾಸ್ತರರು ಇಲ್ಲಿದ್ದಾರೆ. ತಪ್ಪು ತರ್ಜುಮೆ ಮಾಡಿ, ಕೇಳಿದಾಗ ಕೈ ಮುಚ್ಚಿದವನು: ಬೀರಪ್ಪ, ಠಾಣಾ ಕುಶನೂರ.